ಒಂದು ಕುರ್ದಿ ಹಳ್ಳಿಯ ಖಾನೇಷುಮಾರಿ

ಒಂದು ಹಳ್ಳಿಯಲ್ಲಿ ಎಷ್ಟು ಮಂದಿ ಜನರಿದ್ದಾರೆ? ಕೇಳುವುದಕ್ಕೆ ಇದು ಬಹು ಸುಲಭವಾದ ಪ್ರಶ್ನೆ. ಊರಿನ ಮುಖ್ಯಸ್ಥನನ್ನು ಕೇಳಿದರೆ ಅವನು ಒಂದು ಲೆಕ್ಕ ಹೇಳುವನು. ಕಂದಾಯದ ದಫ್ತರವನ್ನು ತೆರೆದರೆ ಇನ್ನೊಂದು ಲೆಕ್ಕ ಸಿಕ್ಕುವುದು. ಸರ್ಕಾರದ ಖಾನೇಷುಮಾರಿಯ ಪುಸ್ತಕದಲ್ಲಿ ಮೂರನೆಯದೊಂದು ಅಚ್ಚಾಗಿರುವುದು. ಈ ಮೂರಕ್ಕೂ ಸ್ವಲ್ಪ ಸ್ವಲ್ಪ ವ್ಯತ್ಯಾಸವಿದ್ದರೆ ನಾವು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಪ್ರಪಂಚದ ಕೆಲವು ಭಾಗಗಳಲ್ಲಿ ಈ ಸಣ್ಣ ಪ್ರಶ್ನೆಗೆ ಕೊಟ್ಟ ಉತ್ತರದಿಂದಲೇ ಒಂದು ಜನಾಂಗದ ಹಣೆಬರಹ ನಿರ್ಧಾರವಾಗಿದೆ. ಲೆಕ್ಕಕ್ಕೆ ಸೇರಿದವನು ಬದುಕಿದನು, ಲೆಕ್ಕದಿಂದ ಬಿಟ್ಟುಹೋದವನು ಸತ್ತನು, ಎನ್ನುವ ಸ್ಥಿತಿ ನಮ್ಮ ಕಾಲಕ್ಕೆ ಬಹು ಸಮೀಪದಲ್ಲಿಯೇ ಒದಗಿದ್ದಿತು. ಇರಾಕು ದೇಶದ ಉತ್ತರದ ಬೆಟ್ಟಗಳಲ್ಲಿರುವ ಕೋರೆಮೆ ಎಂಬ ಕುರ್ದಿ ಹಳ್ಳಿಯನ್ನು ಮುಂದಿಟ್ಟುಕೊಂಡು ನಾವು ಈ ವಿಷಯವನ್ನು ವಿಚಾರಿಸೋಣ.

ಮೊದಲು ಈ ಜನರ ಪರಿಚಯ. ತುರ್ಕಿ, ಇರಾನ್, ಇರಾಕ್, ಸಿರಿಯಾ ಎಂಬ ನಾಲ್ಕು ರಾಜ್ಯಗಳ ಮೇರೆಗಳು ಕೂಡುವ ಪರ್ವತಪ್ರದೇಶವೇ ಕುರ್ದರ ನೆಲೆ. ಅವರ ಒಟ್ಟು ಸಂಖ್ಯೆ ಮೂರು ಕೋಟಿಯಿಂದ ನಾಲ್ಕು ಕೋಟಿಯವರೆಗೆ ಇರಬಹುದೆಂದು ಅಂದಾಜು ಮಾಡುತ್ತಾರೆ. ಒಂದು ಕೋಟಿ ಜನರಷ್ಟು ಅಂತರವುಳ್ಳ ಅಂದಾಜು! ಇದರಿಂದಲೇ ಶ್ರೋತೃಗಳು ಒಂದು ವಿಷಯವನ್ನು ಊಹಿಸಬಹುದು: ಈ ಜನರನ್ನು ಸರಿಯಾಗಿ ಎಣಿಸಬೇಕೆಂಬ ಇಚ್ಛೆ ಅವರನ್ನು ಆಳಿದವರಿಗೆ ಅಷ್ಟಾಗಿ ಇರಲಿಲ್ಲ.

ಕುರ್ದಿ ಭಾಷೆಯು ಪಾರಸಿಗೆ ದಾಯಾದಿ. ಸಂಸ್ಕೃತಕ್ಕೆ ದೂರದ ಬಂಧು. ಸಹೋದರನಿಗೆ ಅವರು 'ಬಿರಾ' ಎನ್ನುತ್ತಾರೆ, ನಮ್ಮಲ್ಲಿ ಭ್ರಾತೃ. ಹೆಸರಿಗೆ 'ನಾವ್', ನಮ್ಮಲ್ಲಿ ನಾಮ. ಕುದುರೆಗೆ 'ಹೆಸ್ಪ್', ಅಶ್ವ. ಎತ್ತಿಗೆ 'ಗಾ', ಗೋ. ಐದಕ್ಕೆ 'ಪೇಂಜ್', ಹತ್ತಕ್ಕೆ 'ದೆಹ್'. ನಮ್ಮ ಸಂಸ್ಥಾನದ ಹಳೆಯ ಕಾಗದಪತ್ರಗಳಲ್ಲಿ ರೂಢಿಯಾಗಿದ್ದ 'ಖಾನೇಷುಮಾರಿ' ಎಂಬ ಮಾತನ್ನೇ ತೆಗೆದುಕೊಳ್ಳಿರಿ. ಪಾರಸಿಯಲ್ಲಿ ಖಾನೆಯೆಂದರೆ ಮನೆ, ಷುಮಾರಿಯೆಂದರೆ ಎಣಿಕೆ. ಕುರ್ದರ ಬಾಯಲ್ಲಿಯೂ ಮನೆಗೆ 'ಖಾನಿ' ಎಂದೇ ಹೆಸರು, ಸಂಖ್ಯೆಗೆ 'ಹೆಜ್ಮಾರ್'. ಅವರನ್ನು ಶತಮಾನಗಳ ಕಾಲ ಆಳಿದ ಉಸ್ಮಾನೀ ತುರ್ಕರ ಕಂದಾಯದ ಪುಸ್ತಕಗಳಲ್ಲಿ ಹಳ್ಳಿಗಳನ್ನು ಎಣಿಸುತ್ತಿದ್ದುದು ತಲೆಗಳಿಂದಲ್ಲ, 'ಹಾನೆ'ಗಳಿಂದ, ಎಂದರೆ ಒಲೆ ಹೊತ್ತಿಸುವ ಮನೆಗಳಿಂದ. ಮಾತು ಒಂದೇ, ಅದು ನಮ್ಮಲ್ಲಿಗೆ ಬಂದುದು ದಿಲ್ಲಿ ಮತ್ತು ಬಿಜಾಪುರಗಳ ದರ್ಬಾರುಗಳ ಮೂಲಕ, ಅವರಲ್ಲಿಗೆ ಹೋದುದು ಇಸ್ತಾಂಬೂಲಿನ ಮೂಲಕ.

ಕುರ್ದರ ಹಳ್ಳಿಗೆ ಅವರ ಭಾಷೆಯಲ್ಲಿ 'ಗುಂದ್' ಎಂದು ಹೆಸರು. ಬೆಟ್ಟದ ಇಳಿಜಾರಿನಲ್ಲಿ, ನೀರಿನ ಬುಗ್ಗೆಯೊಂದರ ಬಳಿಯಲ್ಲಿ ಅದು ಹುಟ್ಟುತ್ತದೆ. ಕಲ್ಲು ಮಣ್ಣುಗಳ ಗೋಡೆ, ಪಾಪ್ಲರ್ ಮರದ ತೊಲೆ, ಅದರ ಮೇಲೆ ರೆಂಬೆಕೊಂಬೆ ಹರಡಿ ಮಣ್ಣು ಮೆತ್ತಿದ ಮಾಳಿಗೆ. ಕಡಿದಾದ ಕಣಿವೆಗಳಲ್ಲಿ ಕೆಳಗಿನ ಮನೆಯ ಮಾಳಿಗೆಯೇ ಮೇಲಿನ ಮನೆಯ ಅಂಗಳವಾಗಿರುವುದೂ ಉಂಟು. ಮಳೆ ಹಿಮಗಳಾದ ಮೇಲೆ ಈ ಮಾಳಿಗೆಗಳು ಸೋರದಂತೆ ಕಲ್ಲಿನ ಉರುಳೆಯೊಂದನ್ನು ಅವುಗಳ ಮೇಲೆ ಉರುಳಿಸಿ ಮಣ್ಣನ್ನು ಗಟ್ಟಿಮಾಡುತ್ತಿದ್ದರು. ತಗ್ಗಿನಲ್ಲಿ ಗೋಧಿ, ಜವೆ. ಇಳಿಜಾರಿನಲ್ಲಿ ದ್ರಾಕ್ಷಿ, ದಾಳಿಂಬೆ, ಅಕ್ರೋಟು. ಕೆಲವು ಕಡೆ ಹೊಗೆಸೊಪ್ಪು. ಆಡು ಕುರಿಗಳನ್ನು ಬೇಸಗೆಯಲ್ಲಿ 'ಜೋಜಾನ್' ಎಂಬ ಎತ್ತರದ ಹುಲ್ಲುಗಾವಲಿಗೆ ಅಟ್ಟಿಕೊಂಡು ಹೋಗಿ, ಚಳಿಗಾಲಕ್ಕೆ ಕೆಳಗಿಳಿಯುವುದು ವಾಡಿಕೆ. ಬೆಟ್ಟದ ಓಕ್ ಮರಗಳಲ್ಲಿ ಒಂದು ಬಗೆಯ ಕೀಟ ಚುಚ್ಚುವುದರಿಂದ ಗಂಟುಗಳು ಕಟ್ಟುತ್ತವೆ. ಚರ್ಮ ಹದಮಾಡುವುದಕ್ಕೂ ಶಾಯಿಗೂ ಬರುವ ಈ ಗಂಟುಗಳನ್ನು ಹಳ್ಳಿಗರು ಆಯ್ದು ಮೋಸುಲ್ ಪಟ್ಟಣದ ವರ್ತಕರಿಗೆ ಮಾರುತ್ತಿದ್ದರು. ಅಜ್ಜಿಯರು ಕೂಸುಗಳಿಗಾಗಿ ಸಾಣೆಯ ಮೇಲೆ ತೇಯುವ ಮಾಚಿಕಾಯಿ ಎಂಬುದು ಇದೇ ವಸ್ತು. ಬಸ್ರಾ ಬಂದರಿನಿಂದ ಮುಂಬಯಿಗೆ, ಮುಂಬಯಿಯಿಂದ ನಮ್ಮ ಗಂಧಿಗೆ ಅಂಗಡಿಗಳಿಗೆ ಅದು ಬಂದಿಳಿಯುತ್ತಿದ್ದಿತು. ಕುರ್ದರ ಬೆಟ್ಟವು ನಮ್ಮ ತೊಟ್ಟಿಲುಗಳಿಗೆ ಅಷ್ಟು ಹತ್ತಿರವಾಗಿದ್ದರೂ ನಾವು ಅದರ ಹೆಸರನ್ನು ವಿಚಾರಿಸಲಿಲ್ಲ.

ಈ ಹಳ್ಳಿಗಳ ಮೊದಲ ವರ್ಣನೆಯೆಂದು ಕೆಲವರು ಹೇಳುವುದು ಗ್ರೀಕ್ ಸೇನಾನಿ ಜೆನೊಫನ್ ಬರೆದುದನ್ನು. ಕ್ರಿ. ಪೂ. 401ರಲ್ಲಿ ಅವನು ಹತ್ತುಸಾವಿರ ಕೂಲಿಸಿಪಾಯಿಗಳೊಡನೆ ಈ ಬೆಟ್ಟಗಳನ್ನು ಹಾದುಹೋದನು. ಏಳು ದಿನಗಳ ಕಾಲ ಕಾರ್ದೂಖಿಯರೆಂಬ ಮಲೆಯವರು ಮೇಲಿನಿಂದ ಬಂಡೆಗಳನ್ನು ಉರುಳಿಸಿ, ಬಾಣ ಬಿಟ್ಟು ಅವನನ್ನು ಕಾಡಿದರು. ಅವರ ಮನೆಗಳಲ್ಲಿ ಹೇರಳವಾಗಿ ತಾಮ್ರದ ಪಾತ್ರೆಗಳಿದ್ದುವೆಂದೂ, ಗಾರೆ ಮೆತ್ತಿದ ತೊಟ್ಟಿಗಳಲ್ಲಿ ದ್ರಾಕ್ಷಾರಸವನ್ನು ತುಂಬಿಟ್ಟಿದ್ದರೆಂದೂ ಅವನು ಹೇಳುತ್ತಾನೆ. ಈ ಕಾರ್ದೂಖಿಯರೇ ಇಂದಿನ ಕುರ್ದರ ಪೂರ್ವಿಕರೋ ಅಲ್ಲವೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಮುಂದೆ ಎರಡು ಸಾವಿರ ವರ್ಷಗಳಾದ ಮೇಲೆ, 1597ರಲ್ಲಿ, ಬಿತ್ಲಿಸಿನ ಅರಸನಾದ ಶರಫ್ ಖಾನನು 'ಶರಫ್‌ನಾಮೆ' ಎಂಬ ಕುರ್ದರ ಚರಿತ್ರೆಯನ್ನು ಪಾರಸಿಯಲ್ಲಿ ಬರೆದು ಮುಗಿಸಿದನು. ಬಹು ಬೆಲೆಯುಳ್ಳ ಗ್ರಂಥ. ಆದರೆ ಅದು ಅರಸುಮನೆತನಗಳ ಚರಿತ್ರೆ. ನೇಗಿಲು ಹಿಡಿದವನು ಅದರಲ್ಲಿ ಬಹುಮಟ್ಟಿಗೆ ಅಗೋಚರ.

ಹಳ್ಳಿಯ ಒಳಗಿನ ಏರ್ಪಾಡನ್ನು ಶಾಸ್ತ್ರೀಯವಾಗಿ ನೋಡಿದವರು ಇಪ್ಪತ್ತನೆಯ ಶತಮಾನದ ಮಾನವಶಾಸ್ತ್ರಜ್ಞರು. ಇಂಗ್ಲೆಂಡಿನ ಎಡ್ಮಂಡ್ ಲೀಚ್ 1938ರಲ್ಲಿ ರವಾಂಡೂಜ್ ಪ್ರಾಂತದಲ್ಲಿ ಕೆಲವೇ ವಾರಗಳಿದ್ದು 1940ರಲ್ಲಿ ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದನು. ನಾರ್ವೆಯ ಫ್ರೆಡ್ರಿಕ್ ಬಾರ್ತ್ 1951ರಲ್ಲಿ ಸುಲೈಮಾನಿಯಾ ಪ್ರಾಂತದ ಹಳ್ಳಿಗಳಲ್ಲಿ ಸಂಚರಿಸಿದನು. ಹಳ್ಳಿಯಲ್ಲಿ ಮೂವರು ದೊಡ್ಡವರು. ನೆಲದ ಒಡೆಯನೂ ಕುಲದ ನಾಯಕನೂ ಆದ ಆಘಾ. ಭಕ್ತರ ಕಾಣಿಕೆಯಿಂದಲೂ ಗುರುತ್ವದಿಂದಲೂ ಬಲಿಷ್ಠನಾದ ಶೇಖ್. ಸರ್ಕಾರಕ್ಕೂ ಊರಿಗೂ ನಡುವೆ ನಿಂತ ಮುಖ್ತಾರ. ಆಘಾನ ಅತಿಥಿಶಾಲೆಯಲ್ಲಿ ಸಂಜೆ ಗಂಡಸರೆಲ್ಲ ಸೇರುವರು. ಬಂದ ಪ್ರವಾಸಿಗೆ ಊಟ ಹಾಸಿಗೆಗಳು ಸಿಕ್ಕುವುದೂ ಅಲ್ಲಿಯೇ. ವ್ಯಾಜ್ಯಗಳು ತೀರುವುದೂ ಅಲ್ಲಿಯೇ. ಆ ಅತಿಥಿಶಾಲೆಯ ಖರ್ಚು ಮಾತ್ರ ರೈತರ ಕಣದಿಂದ ಬರತಕ್ಕುದು. 1858ರ ಉಸ್ಮಾನೀ ಭೂಮಿಯ ಕಾಯಿದೆಯು ಉಳುವವನ ಹೆಸರಿಗೆ ಖಾತೆಯನ್ನು ಕೊಡುವ ಉದ್ದೇಶದಿಂದ ಹುಟ್ಟಿದ್ದಿತು. ಆದರೆ ಹೆಸರು ಬರೆಸಿದರೆ ಕಂದಾಯ ಹೆಚ್ಚುವುದೆಂದೂ, ಮಕ್ಕಳನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗುವರೆಂದೂ ರೈತರು ಹೆದರಿದರು. ಪರಿಣಾಮವಾಗಿ ಅನೇಕ ಕಡೆ ಇಡೀ ಹಳ್ಳಿಯ ನೆಲವು ಆಘಾನ ಅಥವಾ ಪಟ್ಟಣದ ವರ್ತಕನ ಹೆಸರಿನಲ್ಲಿ ದಾಖಲಾಯಿತು. ದಫ್ತರದಿಂದ ತಪ್ಪಿಸಿಕೊಳ್ಳುವುದೇ ಕ್ಷೇಮವೆಂದು ಬಗೆದವನಿಗೆ ತನ್ನ ನೆಲವೇ ತಪ್ಪಿಹೋಯಿತು. ಎಣಿಕೆಗೂ ಈ ಹಳ್ಳಿಗರಿಗೂ ಇರುವ ಹಗೆತನದ ಮೊದಲ ಅಧ್ಯಾಯವಿದು.

ಎರಡನೆಯ ಅಧ್ಯಾಯವು ಮೊದಲ ಮಹಾಯುದ್ಧದ ಅನಂತರದ್ದು. 1918ರ ನವೆಂಬರಿನಲ್ಲಿ ಬ್ರಿಟಿಷರ ಸೈನ್ಯ ಮೋಸುಲನ್ನು ಹಿಡಿಯಿತು. ಆ ಸೈನ್ಯದಲ್ಲಿ ಬಹುಭಾಗ ಭಾರತೀಯ ಸಿಪಾಯಿಗಳು. ಅವರ ಹಿಂದೆಯೇ ನಮ್ಮ ರೂಪಾಯಿಯೂ ಹೋಯಿತು. 1932ರಲ್ಲಿ ಇರಾಕಿನ ದಿನಾರು ಚಲಾವಣೆಗೆ ಬರುವವರೆಗೆ ಕುರ್ದಿ ರೈತನು ತನ್ನ ಕಂದಾಯವನ್ನು ಭಾರತದ ರೂಪಾಯಿಗಳಲ್ಲಿ ತೆತ್ತನು. 1920ರ ಆಗಸ್ಟ್ 10ರಂದು ರುಜುವಾದ ಸೇವ್ರ್ ಒಪ್ಪಂದವು ಕುರ್ದರಿಗೆ ಸ್ವಾಯತ್ತತೆಯನ್ನೂ, ಮುಂದೆ ಬೇಕಾದರೆ ಸ್ವಾತಂತ್ರ್ಯವನ್ನೂ ಕೊಡುವ ಮಾತನಾಡಿತು. 1923ರ ಜುಲೈ 24ರ ಲೊಸಾನ್ ಒಪ್ಪಂದವು ಅದನ್ನು ಮರೆಯಿತು. ಆಗ ಉಳಿದ ಪ್ರಶ್ನೆ, ಮೋಸುಲ್ ಪ್ರಾಂತ ತುರ್ಕಿಗೋ ಇರಾಕಿಗೋ ಎಂಬುದು. ತುರ್ಕರು ಒಂದು ಜನಸಂಖ್ಯೆಯನ್ನು ಮುಂದಿಟ್ಟರು, ಬ್ರಿಟಿಷರು ಇನ್ನೊಂದನ್ನು. ಜನಾಂಗಸಂಘವು 1925ರಲ್ಲಿ ಮೂವರ ಆಯೋಗವನ್ನು ಕಳುಹಿಸಿತು. ಅವರಲ್ಲೊಬ್ಬನು ಹಂಗೆರಿಯ ಪ್ರಧಾನಿಯಾಗಿದ್ದ ಭೂಗೋಳಶಾಸ್ತ್ರಜ್ಞ ಕೌಂಟ್ ಟೆಲೆಕಿ. ಪ್ರಾಂತದ ಜನರಲ್ಲಿ ಎಂಟು ಭಾಗಕ್ಕೆ ಐದು ಭಾಗ ಕುರ್ದರೆಂದೂ, ಜನಾಂಗವೊಂದನ್ನೇ ನೋಡುವುದಾದರೆ ಅವರಿಗೆ ಬೇರೆ ರಾಜ್ಯವೇ ನ್ಯಾಯವೆಂದೂ ಆಯೋಗವು ಕಂಡುಕೊಂಡಿತು. ಕಂಡುಕೊಂಡು, ಪ್ರಾಂತವನ್ನು ಇರಾಕಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು! ಅದೇ ವರ್ಷ ಡಿಸೆಂಬರ್ 16ರಂದು ಜನಾಂಗಸಂಘ ಹಾಗೆಯೇ ತೀರ್ಪು ಕೊಟ್ಟಿತು. ಎಣಿಸಿದುದು ಕುರ್ದರನ್ನು, ಫಲ ದೊರೆತುದು ಇತರರಿಗೆ.

ಮೂರನೆಯ ಅಧ್ಯಾಯ ಇರಾಕಿನ ಗಣರಾಜ್ಯದ್ದು. 1961ರಲ್ಲಿ ಮುಲ್ಲಾ ಮುಸ್ತಫಾ ಬರ್ಜಾನಿಯ ನಾಯಕತ್ವದಲ್ಲಿ ಕುರ್ದರು ಆಯುಧ ಹಿಡಿದರು. 1970ರ ಮಾರ್ಚ್ 11ರಂದು ಬಾಗ್ದಾದಿನ ಸರ್ಕಾರವು ಅವರಿಗೆ ಸ್ವಾಯತ್ತತೆಯನ್ನು ಒಪ್ಪಿಕೊಂಡಿತು. ಯಾವ ಊರು ಸ್ವಾಯತ್ತ ಪ್ರಾಂತಕ್ಕೆ ಸೇರಬೇಕು? ಎಲ್ಲಿ ಕುರ್ದರು ಹೆಚ್ಚಾಗಿರುವರೋ ಅದು. ಹಾಗಾದರೆ ಎಣಿಸಬೇಕು. ಆ ಎಣಿಕೆಯನ್ನು ಇಂದು ನಾಳೆಯೆಂದು ಮುಂದಕ್ಕೆ ಹಾಕಿದರು. ಕಡೆಗೆ ಅದು ನಡೆಯಲೇ ಇಲ್ಲ. ಎಣ್ಣೆಯ ಬಾವಿಗಳಿರುವ ಕಿರ್ಕೂಕಿನಲ್ಲಿ 1957ರ ಖಾನೇಷುಮಾರಿಯಂತೆ ನೂರಕ್ಕೆ ಸುಮಾರು 48 ಮಂದಿ ಕುರ್ದರಿದ್ದರು. ಹೊಸ ಎಣಿಕೆ ಏಕೆ ಬೇಡವಾಯಿತೆಂಬುದಕ್ಕೆ ಈ ಒಂದು ಅಂಕಿಯೇ ಸಾಕು. 1975ರ ಮಾರ್ಚ್ 6ರಂದು ಆಲ್ಜಿಯರ್ಸ್ ನಗರದಲ್ಲಿ ಇರಾನಿನ ಷಾಹನೂ ಇರಾಕಿನ ಸದ್ದಾಂ ಹುಸೇನನೂ ಕೈಕುಲುಕಿದರು. ಇರಾನಿನ ನೆರವು ತಪ್ಪಿ ಕುರ್ದರ ದಂಗೆ ಮುರಿದುಬಿದ್ದಿತು. ಮುಂದಿನ ಕೆಲವು ವರ್ಷಗಳಲ್ಲಿ ಇರಾನ್ ಮತ್ತು ತುರ್ಕಿಗಳ ಗಡಿಯುದ್ದಕ್ಕೂ ಹಳ್ಳಿಗಳನ್ನು ಕೆಡವಿ ಜನರನ್ನು 'ಮುಜಮ್ಮ' ಎಂಬ ಸಾಮೂಹಿಕ ವಸತಿಗಳಿಗೆ ಒಯ್ದರು. ಹೆದ್ದಾರಿಯ ಪಕ್ಕದಲ್ಲಿ ಗೆರೆ ಎಳೆದಂತೆ ನಿಂತ ಮನೆಗಳು, ಕಾವಲು ಠಾಣೆ, ಉಳುವುದಕ್ಕೆ ನೆಲವಿಲ್ಲ. ರೈತನಾಗಿದ್ದವನು ಪಡಿತರದ ಚೀಟಿಗೆ ಕೈಚಾಚುವವನಾದನು.

1980ರಲ್ಲಿ ಇರಾನಿಗೂ ಇರಾಕಿಗೂ ಯುದ್ಧ ಮೊದಲಾಯಿತು. ಇರಾಕಿನ ಸೈನ್ಯ ಆ ಕಡೆ ತೊಡಗಿದ್ದಾಗ ಬೆಟ್ಟಗಳು ಮತ್ತೆ 'ಪೆಷ್ಮೆರ್ಗಾ' ಎಂಬ ಕುರ್ದಿ ಯೋಧರ ವಶವಾದುವು. 1987ರ ಮಾರ್ಚಿನಲ್ಲಿ ಸದ್ದಾಂ ಹುಸೇನನು ತನ್ನ ದಾಯಾದಿಯಾದ ಅಲಿ ಹಸನ್ ಅಲ್ ಮಜೀದನಿಗೆ ಉತ್ತರ ಪ್ರಾಂತದ ಸರ್ವಾಧಿಕಾರವನ್ನು ವಹಿಸಿದನು. ಏಪ್ರಿಲ್ 16ರಂದು ಬಾಲಿಸಾನ್ ಮತ್ತು ಶೇಖ್ ವಸಾನ್ ಎಂಬ ಹಳ್ಳಿಗಳ ಮೇಲೆ ವಿಷವಾಯು ಬಿದ್ದಿತು. ಜೂನ್ 20ರಂದು ಹೊರಟ ಹುಕುಂ ಒಂದರಲ್ಲಿ, ನಿಷಿದ್ಧವೆಂದು ಸಾರಿದ ಹಳ್ಳಿಗಳಲ್ಲಿ ಹಿಡಿಯಲಾದ 15ರಿಂದ 70 ವರ್ಷದವರೆಗಿನ ಎಲ್ಲರನ್ನೂ, ಅವರಿಂದ ತಿಳಿಯಬೇಕಾದುದನ್ನು ತಿಳಿದುಕೊಂಡ ಮೇಲೆ ಕೊಲ್ಲಬೇಕೆಂದು ವಿಧಿಸಲಾಗಿದ್ದಿತು.

ಈಗ ನಾವು ನಮ್ಮ ವಿಷಯದ ನಡುಮಧ್ಯಕ್ಕೆ ಬಂದಿದ್ದೇವೆ. 1987ರ ಅಕ್ಟೋಬರ್ 17ರಂದು ಇರಾಕಿನಲ್ಲಿ ಖಾನೇಷುಮಾರಿ ನಡೆಯಿತು. ಜನಾಂಗದ ಕಾಲಮಿನಲ್ಲಿ ಎರಡೇ ಉತ್ತರಕ್ಕೆ ಅವಕಾಶ: ಅರಬ ಅಥವಾ ಕುರ್ದ. ಅಸ್ಸೀರಿ ಕ್ರೈಸ್ತರೂ ಯಜೀದಿಗಳೂ ತುರ್ಕ್‌ಮನ್ನರೂ ಈ ಎರಡರಲ್ಲೊಂದನ್ನು ಒಪ್ಪಿಕೊಳ್ಳಬೇಕಾಗಿದ್ದಿತು. ನಿಷಿದ್ಧ ಹಳ್ಳಿಗಳಿಗೆ ಎಣಿಕೆಯವರು ಹೋಗಲೇ ಇಲ್ಲ. ಅಲ್ಲಿದ್ದವರು ತಮ್ಮ ಮನೆಮಾರುಗಳನ್ನು ಬಿಟ್ಟು ಸರ್ಕಾರದ ವಸತಿಗಳಿಗೆ ಬಂದರೆ ಲೆಕ್ಕಕ್ಕೆ ಸೇರುವರು. ಬಾರದಿದ್ದರೆ ಇರಾಕಿನ ಪ್ರಜೆಗಳೆಂಬ ಹಕ್ಕನ್ನೇ ಕಳೆದುಕೊಳ್ಳುವರು. ಖಾನೇಷುಮಾರಿ ಎಂದರೆ ಇರುವವರನ್ನು ಇರುವಲ್ಲಿ ಎಣಿಸುವುದು; ಇಲ್ಲಿ ನಡೆದುದು ಅದರ ತಿರುಗುಮುರುಗು. ಎಲ್ಲಿರುವವರು ಇರುವವರೆಂದು ಗಣನೆಗೆ ಬರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ, ಉಳಿದವರನ್ನು ಇಲ್ಲದವರೆಂದು ಬರೆದಿಟ್ಟರು. ಕಾಗದದ ಮೇಲೆ ಹಳ್ಳಿ ಬರಿದಾದ ಮೇಲೆ ನೆಲದ ಮೇಲೆ ಅದನ್ನು ಬರಿದುಮಾಡುವುದಷ್ಟೇ ಉಳಿದಿದ್ದ ಕೆಲಸ.

ಅದು 1988ರ ಫೆಬ್ರವರಿ 23ರಂದು ಮೊದಲಾಯಿತು. ಕುರಾನಿನ ಎಂಟನೆಯ ಅಧ್ಯಾಯದ ಹೆಸರನ್ನು ಎತ್ತಿಕೊಂಡು ಈ ದಂಡಯಾತ್ರೆಗೆ 'ಅನ್ಫಾಲ್', ಎಂದರೆ ಯುದ್ಧದ ಕೊಳ್ಳೆ, ಎಂದು ಹೆಸರಿಟ್ಟರು. ಕೊಲ್ಲಿಸಿಕೊಂಡವರಲ್ಲಿ ಬಹುಪಾಲು ಜನ ಮುಸಲ್ಮಾನರೇ ಎಂಬುದನ್ನು ಇಲ್ಲಿ ನೆನೆಯಬೇಕು. ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ಬಿದ್ದ ವಿಷವಾಯುವಿನಿಂದ ಮೂರು ಸಾವಿರಕ್ಕೂ ಐದು ಸಾವಿರಕ್ಕೂ ನಡುವಣ ಸಂಖ್ಯೆಯ ಜನ ಸತ್ತರು. ಪ್ರಪಂಚಕ್ಕೆ ತಿಳಿದುದು ಅದೊಂದೇ. ಎಂಟು ಹಂತಗಳಲ್ಲಿ ನಡೆದ ದಂಡಯಾತ್ರೆಯ ಕೊನೆಯ ಹಂತವು ಆಗಸ್ಟ್ 25ರಂದು, ಇರಾನಿನೊಡನೆ ಯುದ್ಧ ನಿಂತ ಐದೇ ದಿನಗಳ ಮೇಲೆ, ತುರ್ಕಿಯ ಗಡಿಯ ಬಾದಿನಾನ್ ಸೀಮೆಯಲ್ಲಿ ಆರಂಭವಾಯಿತು. ಆ ದಿನ ವಿಷದ ಬಾಂಬುಗಳು ಬಿದ್ದ ಹಳ್ಳಿಗಳಲ್ಲಿ ಬಿರ್ಜಿನ್ನಿಯೂ ಒಂದು.

ಕೋರೆಮೆಯು ಇದೇ ಸೀಮೆಯಲ್ಲಿ, ದುಹೋಕ್ ಜಿಲ್ಲೆಯ ಮಂಗೀಶ್ ಊರಿನ ಸಮೀಪದಲ್ಲಿದೆ. ವಿಷವಾಯುವಿನ ಸುದ್ದಿ ಕೇಳಿದೊಡನೆ ಹಳ್ಳಿಯ ಜನ ಮಕ್ಕಳುಮರಿಗಳನ್ನು ಕಟ್ಟಿಕೊಂಡು ತುರ್ಕಿಯ ಕಡೆಗೆ ಹೊರಟರು. ದಾರಿಯನ್ನು ಸೈನ್ಯವು ಆಗಲೇ ಕಟ್ಟಿದ್ದಿತು. ಮುಂದೆ ಹೋಗುವಂತಿಲ್ಲವೆಂದು ತಿಳಿದು ಅವರು ಊರಿಗೆ ಹಿಂದಿರುಗಿದರು. ಆಗಸ್ಟ್ 28ರಂದು ಊರ ಅಂಚಿನಲ್ಲಿ ಸಿಪಾಯಿಗಳೂ, ಸರ್ಕಾರದ ಪಕ್ಷದ ಕುರ್ದಿ ದಂಡಿನವರೂ ಅವರನ್ನು ಎದುರುಗೊಂಡರು. ಈ ದಂಡಿನವರಿಗೆ ಕುರ್ದರು 'ಜಾಶ್', ಕತ್ತೆಯ ಮರಿ, ಎಂದು ಅಡ್ಡಹೆಸರಿಟ್ಟಿದ್ದರು. ಹಳ್ಳಿಗರು ಕೈ ಮೇಲೆತ್ತಿ ಶರಣಾದರು. ಗಂಡಸರನ್ನು ಬೇರೆ ಮಾಡಲಾಯಿತು. ಅವರೊಳಗಿಂದ 33 ಮಂದಿಯನ್ನು ಆರಿಸಿ ಸಾಲಾಗಿ ಕೂರಿಸಿದರು. ಅವರಲ್ಲಿ ಹದಿಹರೆಯದ ಹುಡುಗರೂ ಇದ್ದರು. ಹೆಂಗಸರನ್ನೂ ಮಕ್ಕಳನ್ನೂ ಅಲ್ಲಿಂದ ಸಾಗಿಸಿದರು. ಅಧಿಕಾರಿಯು ತಂತಿಯಿಲ್ಲದ ಯಂತ್ರದಲ್ಲಿ ಮೇಲಿನವರೊಡನೆ ಮಾತನಾಡಿದನು; ಅನಂತರ ಗುಂಡು ಹಾರಿಸುವಂತೆ ಅಪ್ಪಣೆ ಕೊಟ್ಟನು. 27 ಮಂದಿ ಸತ್ತರು. ಆರು ಮಂದಿ ಹೇಗೋ ಬದುಕಿಕೊಂಡರು. ಹೆಣಗಳನ್ನು ಅಲ್ಲಿಯೇ ಆಳವಿಲ್ಲದ ಗುಂಡಿಗಳಲ್ಲಿ ಮುಚ್ಚಲಾಯಿತು.

ಉಳಿದವರನ್ನು ದುಹೋಕಿನ ಕೋಟೆಗೆ ಒಯ್ದರು. ಅಲ್ಲಿ ಮತ್ತೊಮ್ಮೆ ಗಂಡಸರನ್ನು ಬೇರೆ ಮಾಡಿದರು. ಹಾಗೆ ಬೇರೆಯಾದವರನ್ನು ಮತ್ತೆ ಯಾರೂ ನೋಡಲಿಲ್ಲ. ಹೆಂಗಸರನ್ನೂ ಮುದುಕರನ್ನೂ ಮಕ್ಕಳನ್ನೂ ಎರ್ಬಿಲ್ ನಗರದ ಹೊರಗೆ ಬಹರ್ಕೆ ಎಂಬ ಬಯಲಿನಲ್ಲಿ ಲಾರಿಗಳಿಂದ ಇಳಿಸಿದರು. ತಲೆಯ ಮೇಲೆ ಸೂರಿಲ್ಲ, ನೀರಿಲ್ಲ, ಅನ್ನವಿಲ್ಲ. ಎರ್ಬಿಲಿನ ಸಾಮಾನ್ಯ ಜನರು ಕಾವಲುಗಾರರ ಕಣ್ಣು ತಪ್ಪಿಸಿ ರೊಟ್ಟಿ, ಕಂಬಳಿಗಳನ್ನು ತಂದುಕೊಟ್ಟುದರಿಂದ ಅನೇಕರು ಉಳಿದರು. ಮೊದಲು ಸತ್ತವು ಹಸುಗೂಸುಗಳು. ಸೆಪ್ಟೆಂಬರ್ 6ರಂದು ಸರ್ಕಾರವು ಕ್ಷಮಾದಾನವನ್ನು ಸಾರಿತು. ಕೋರೆಮೆಯ ಮನೆಗಳನ್ನೂ ಮಸೀದಿಯನ್ನೂ ಶಾಲೆಯನ್ನೂ ನೆಲಸಮ ಮಾಡಲಾಗಿದ್ದಿತು. ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಇರಾಕಿನ ಕುರ್ದಿ ಸೀಮೆಯಲ್ಲಿ ಹೀಗೆ ಅಳಿಸಿಹೋದ ಹಳ್ಳಿಗಳ ಸಂಖ್ಯೆ ಸುಮಾರು ನಾಲ್ಕು ಸಾವಿರ.

ಸತ್ತವರು ಒಟ್ಟು ಎಷ್ಟು? ಕುರ್ದರು ಹೇಳುವ ಲೆಕ್ಕ 1,82,000. ದಾಖಲೆಗಳನ್ನೂ ಸಾಕ್ಷಿಗಳನ್ನೂ ಪರಿಶೀಲಿಸಿದ ಮಾನವಹಕ್ಕುಗಳ ಸಂಸ್ಥೆಯೊಂದರ ಅಂದಾಜು 50,000ದಿಂದ 1,00,000. 1991ರಲ್ಲಿ ಕುರ್ದಿ ನಾಯಕರೊಡನೆ ಸಂಧಾನ ನಡೆಯುತ್ತಿದ್ದಾಗ ಈ ದೊಡ್ಡ ಲೆಕ್ಕವನ್ನು ಕೇಳಿದ ಅಲ್ ಮಜೀದನು ಸಿಟ್ಟಿನಿಂದ, ಒಂದು ಲಕ್ಷಕ್ಕಿಂತ ಹೆಚ್ಚಾಗಿರಲಾರದೆಂದು ಕೂಗಿದನೆಂಬುದು ಪ್ರಸಿದ್ಧವಾಗಿದೆ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣವನ್ನು ಎರಡು ಪಕ್ಷಗಳ ಉತ್ಪ್ರೇಕ್ಷೆಯಲ್ಲಿ ಮಾತ್ರ ಹುಡುಕುವುದು ಸರಿಯಲ್ಲ. ಸತ್ತವರನ್ನು ಎಣಿಸಬೇಕಾದರೆ ಮೊದಲು ಬದುಕಿದ್ದವರ ಲೆಕ್ಕ ಬೇಕು. ಮೊದಲಿದ್ದ ಸಂಖ್ಯೆಯಿಂದ ಉಳಿದ ಸಂಖ್ಯೆಯನ್ನು ಕಳೆಯಬೇಕು. ಆ ಮೊದಲ ಸಂಖ್ಯೆಯನ್ನೇ 1987ರ ಅಕ್ಟೋಬರಿನಲ್ಲಿ ಬರೆಯದೆ ಬಿಟ್ಟರು. ಖಾನೇಷುಮಾರಿಯ ಆ ಬರಿದಾದ ಪುಟವು ಕೊಲೆಗೆ ಪೂರ್ವಸಿದ್ಧತೆಯಾಗಿದ್ದಂತೆಯೇ ಕೊಲೆಯ ಗುರುತನ್ನು ಅಳಿಸುವ ಸಾಧನವೂ ಆಯಿತು.

ಹಾಗಾದರೆ ಇತಿಹಾಸಕಾರನು ಕೈಚೆಲ್ಲಿ ಕುಳಿತುಕೊಳ್ಳಬೇಕೆ? ಇದಕ್ಕೆ ಕೋರೆಮೆಯೇ ಉತ್ತರ ಕೊಟ್ಟಿತು. 1991ರ ಮಾರ್ಚಿನಲ್ಲಿ ಕುರ್ದರು ಮತ್ತೆ ಎದ್ದರು. ಸೋತು ಲಕ್ಷಾಂತರ ಜನ ಹಿಮದ ಬೆಟ್ಟಗಳಿಗೆ ಓಡಿದರು. ಏಪ್ರಿಲ್ 5ರಂದು ರಾಷ್ಟ್ರಸಂಘದ ಭದ್ರತಾಸಮಿತಿಯು ತನ್ನ 688ನೆಯ ನಿರ್ಣಯವನ್ನು ಮಾಡಿತು. ಆ ವರ್ಷದ ಕೊನೆಯ ಹೊತ್ತಿಗೆ ಬಾಗ್ದಾದಿನ ಸೈನ್ಯ ಕುರ್ದಿ ಸೀಮೆಯಿಂದ ಹಿಂದೆ ಸರಿಯಿತು. ಬೆಟ್ಟ ತೆರೆದುಕೊಂಡಿತು. ದಂಗೆಯ ಕಾಲದಲ್ಲಿ ಪೊಲೀಸು ಕಚೇರಿಗಳಿಂದ ಕುರ್ದರು ವಶಪಡಿಸಿಕೊಂಡಿದ್ದ ಕಾಗದಗಳು ಹದಿನೆಂಟು ಟನ್ನುಗಳಷ್ಟಿದ್ದುವು. ಅವುಗಳನ್ನು ಪರಿಶೀಲನೆಗಾಗಿ ಅಮೆರಿಕಕ್ಕೆ ಸಾಗಿಸಲಾಯಿತು. 1992ರ ಬೇಸಗೆಯಲ್ಲಿ ಅಸ್ಥಿಶಾಸ್ತ್ರಜ್ಞ ಕ್ಲೈಡ್ ಸ್ನೋ ಎಂಬವನು ಪುರಾತತ್ತ್ವಜ್ಞರೊಡನೆ ಕೋರೆಮೆಗೆ ಬಂದನು. ಅರ್ಜೆಂಟೀನಾದಲ್ಲಿ ಸೈನಿಕ ಸರ್ಕಾರವು ಮಾಯಮಾಡಿದ್ದವರ ಎಲುಬುಗಳನ್ನು ಗುರುತಿಸಿ ಆಗಲೇ ಹೆಸರಾಗಿದ್ದವನು ಅವನು.

ಅವರ ವಿಧಾನವನ್ನು ನಾವು ಸ್ವಲ್ಪ ಗಮನಿಸಬೇಕು. ಮಣ್ಣನ್ನು ಪದರ ಪದರವಾಗಿ ತೆಗೆದರು. ನೆಲದ ಮೇಲೆ ಬಿದ್ದಿದ್ದ ತೋಟಾಗಳ ಕೋಶಗಳು ಸಿಕ್ಕಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಗುಂಡು ಹಾರಿಸಿದವರು ಎಲ್ಲಿ ನಿಂತಿದ್ದರೆಂಬುದು ಅದರಿಂದ ತಿಳಿಯಿತು. ಕಟಿಯ ಎಲುಬಿನಿಂದ ಗಂಡೋ ಹೆಣ್ಣೋ ಎಂಬುದೂ, ಹಲ್ಲು ಮತ್ತು ಎಲುಬುಗಳ ತುದಿಗಳಿಂದ ವಯಸ್ಸೂ ಗೊತ್ತಾದುವು. ಬಟ್ಟೆಗಳನ್ನು ಬಂಧುಗಳಿಗೆ ತೋರಿಸಿದರು. ಬದುಕಿ ಉಳಿದ ಆರು ಮಂದಿಯ ಮಾತನ್ನೂ ನೆಲದ ಸಾಕ್ಷ್ಯವನ್ನೂ ಹೋಲಿಸಿ ನೋಡಿದರು, ಎರಡೂ ಹೊಂದಿಕೊಂಡುವು. ಬಹರ್ಕೆಯ ಬಳಿಯ ಸ್ಮಶಾನದಲ್ಲಿ ಕೂಸುಗಳ ಎಲುಬುಗಳು ಹಸಿವಿನ ಗುರುತುಗಳನ್ನು ತೋರಿಸಿದುವು. ಬಿರ್ಜಿನ್ನಿಯ ಬಾಂಬಿನ ಗುಂಡಿಗಳಿಂದ ತೆಗೆದ ಮಣ್ಣನ್ನು ಇಂಗ್ಲೆಂಡಿನ ಪೋರ್ಟನ್ ಡೌನ್ ಪ್ರಯೋಗಶಾಲೆಗೆ ಕಳುಹಿಸಿದರು. ಬಾಂಬು ಬಿದ್ದು ನಾಲ್ಕು ವರ್ಷಗಳ ಮಳೆ ಹಿಮಗಳು ಕಳೆದಿದ್ದರೂ ಆ ಮಣ್ಣಿನಲ್ಲಿ ಸಾರಿನ್ ಮತ್ತು ಮಸ್ಟರ್ಡ್ ಎಂಬ ವಿಷಗಳ ಶೇಷಗಳು ದೊರೆತುವೆಂದು 1993ರಲ್ಲಿ ಪ್ರಕಟವಾಯಿತು.

ಶಾಸನವನ್ನು ಓದಿ ಚರಿತ್ರೆ ಬರೆಯುವ ಕ್ರಮ ನಮಗೆಲ್ಲ ಪರಿಚಿತವಾದುದು. ಶಿಲೆಯೇ ಇಲ್ಲದ ಕಡೆ ಎಲುಬನ್ನು ಓದುವ ಈ ಕ್ರಮ ಅದರ ಮುಂದಿನ ಹೆಜ್ಜೆ. ಇದು ಕೇವಲ ಪಾಂಡಿತ್ಯವಾಗಿ ಉಳಿಯಲಿಲ್ಲ. 2006ರಲ್ಲಿ ಬಾಗ್ದಾದಿನಲ್ಲಿ ಅನ್ಫಾಲಿನ ವಿಚಾರಣೆ ನಡೆದಾಗ ಸ್ನೋ ನ್ಯಾಯಾಲಯಕ್ಕೆ ಬಂದು ಕೋರೆಮೆಯ ಗುಂಡಿಗಳ ವಿಷಯದಲ್ಲಿ ಸಾಕ್ಷ್ಯ ಕೊಟ್ಟನು. ಬೇರೊಂದು ಮೊಕದ್ದಮೆಯಲ್ಲಿ ಮರಣದಂಡನೆ ಹೊಂದಿದ ಸದ್ದಾಂ ಹುಸೇನನನ್ನು ಅದೇ ವರ್ಷ ಡಿಸೆಂಬರ್ 30ರಂದು ಗಲ್ಲಿಗೇರಿಸಿದ್ದರಿಂದ ಅವನು ಈ ತೀರ್ಪನ್ನು ಕೇಳಲಿಲ್ಲ. 2007ರ ಜೂನ್ 24ರಂದು ನ್ಯಾಯಾಲಯವು ಅನ್ಫಾಲನ್ನು ಜನಾಂಗಹತ್ಯೆಯೆಂದು ನಿರ್ಣಯಿಸಿ ಅಲ್ ಮಜೀದನಿಗೆ ಮರಣದಂಡನೆ ವಿಧಿಸಿತು. 2010ರ ಜನವರಿ 25ರಂದು ಅದು ನಡೆಯಿತು.

ಹಳ್ಳಿಯ ಗತಿ ಏನಾಯಿತು? 1991ರ ಅನಂತರ ಬದುಕಿ ಉಳಿದವರು ಕೋರೆಮೆಗೂ, ಅದರಂತಹ ಸಾವಿರಾರು ಹಳ್ಳಿಗಳಿಗೂ ಹಿಂದಿರುಗತೊಡಗಿದರು. ಬುಗ್ಗೆಯನ್ನು ಮತ್ತೆ ತೋಡಿದರು, ಬಳ್ಳಿಯನ್ನು ಮತ್ತೆ ನೆಟ್ಟರು. ಆದರೆ ಎಲ್ಲರೂ ಬರಲಿಲ್ಲ. ಸಾಮೂಹಿಕ ವಸತಿಗಳಲ್ಲಿ ಬೆಳೆದ ಮಕ್ಕಳಿಗೆ ನೇಗಿಲು ಅಪರಿಚಿತವಾಗಿದ್ದಿತು. ಕಲಿಸಬೇಕಾದ ತಂದೆ ಇರಲಿಲ್ಲ. 1996ರ ಕೊನೆಗೆ ಮೊದಲಾದ ಎಣ್ಣೆಗೆ ಬದಲು ಆಹಾರವೆಂಬ ರಾಷ್ಟ್ರಸಂಘದ ಏರ್ಪಾಡು ಹಸಿದವರಿಗೆ ಹೊರದೇಶದ ಹಿಟ್ಟನ್ನು ಹಂಚಿತು. ಅದರಿಂದ ಪ್ರಾಣಗಳು ಉಳಿದುವು. ಆದರೆ ಬೆಟ್ಟದ ರೈತ ಬೆಳೆದ ಗೋಧಿಗೆ ಕೊಳ್ಳುವವರಿಲ್ಲದಂತಾಯಿತು. 2005ರ ಸಂವಿಧಾನವು ಕುರ್ದಿಸ್ತಾನ ಪ್ರಾಂತಕ್ಕೆ ಮನ್ನಣೆ ಕೊಟ್ಟ ಮೇಲೆ ಎಣ್ಣೆಯ ಹಣವೂ ಸರ್ಕಾರದ ಸಂಬಳವೂ ಯುವಕರನ್ನು ಎರ್ಬಿಲ್, ದುಹೋಕ್, ಸುಲೈಮಾನಿಯಾ ನಗರಗಳಿಗೆ ಸೆಳೆದುವು. ಗಡಿಯ ಹಳ್ಳಿಗಳಲ್ಲಿ ತುರ್ಕಿಯ ಸೈನ್ಯಕ್ಕೂ ಅಲ್ಲಿನ ಕುರ್ದಿ ದಂಗೆಗಾರರಿಗೂ ನಡೆದ ಕಾದಾಟವು ಮತ್ತೆ ಅನೇಕರನ್ನು ಎಬ್ಬಿಸಿತು. ಸೈನ್ಯವು ಬಲಾತ್ಕಾರದಿಂದ ಆರಂಭಿಸಿದ ಕೆಲಸವನ್ನು ಬಹುಮಟ್ಟಿಗೆ ಸಂತೆಯು ಸದ್ದಿಲ್ಲದೆ ಮುಂದುವರಿಸಿದೆ.

1997ರಲ್ಲಿ ಇರಾಕು ನಡೆಸಿದ ಖಾನೇಷುಮಾರಿಯು ಬಾಗ್ದಾದಿನ ಕೈತಪ್ಪಿದ್ದ ಮೂರು ಕುರ್ದಿ ಜಿಲ್ಲೆಗಳನ್ನು ಒಳಗೊಳ್ಳಲಿಲ್ಲ. ಮುಂದಿನದು ಜನಾಂಗಗಳ ಜಗಳದಿಂದ ಮತ್ತೆ ಮತ್ತೆ ನಿಂತುಹೋಗಿ, 2024ರ ನವೆಂಬರ್ 20 ಮತ್ತು 21ರಂದು ನಡೆಯಿತು. ಎಂದರೆ ಕೋರೆಮೆಯ ಸೀಮೆಗೆ, ತನ್ನನ್ನು ಲೆಕ್ಕದಿಂದ ಕಳೆದ 1987ರ ಖಾನೇಷುಮಾರಿಯಾದ ಮೇಲೆ, 37 ವರ್ಷಗಳ ಅನಂತರ ಎಣಿಕೆಯವರು ಬಂದರು. ಈ ಸಲದ ಪಟ್ಟಿಯಲ್ಲಿ ಜನಾಂಗದ ಪ್ರಶ್ನೆಯನ್ನೇ ಕೈಬಿಡಲಾಗಿದ್ದಿತು. ಕುರ್ದಿಸ್ತಾನ ಪ್ರಾಂತದ ಜನಸಂಖ್ಯೆ 63 ಲಕ್ಷವನ್ನು ಮೀರಿತ್ತೆಂದು ಮೊದಲ ವರದಿಯಿಂದ ತಿಳಿಯಿತು. ಅವರಲ್ಲಿ ಹಳ್ಳಿಗಳಲ್ಲಿರುವವರು ನೂರಕ್ಕೆ ಸುಮಾರು ಹದಿನಾರು ಮಂದಿ ಮಾತ್ರ.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದೇನು? ಜನಸಂಖ್ಯೆಯ ಪುಸ್ತಕಗಳನ್ನು ಶುಷ್ಕವಾದುವೆಂದು ಪಕ್ಕಕ್ಕೆ ಇಡುವುದು ವಿದ್ಯಾವಂತರಾದ ನಮ್ಮಲ್ಲಿ ವಾಡಿಕೆ. ಆದರೆ ಒಂದು ಕಾಲಮಿನಲ್ಲಿ ಯಾವ ಪ್ರಶ್ನೆಯನ್ನು ಕೇಳುತ್ತಾರೆ, ಯಾವುದನ್ನು ಕೇಳುವುದಿಲ್ಲ, ಎಣಿಸುವವನು ಯಾವ ಹಳ್ಳಿಯವರೆಗೆ ನಡೆದು ಎಲ್ಲಿಂದ ಹಿಂದಿರುಗುತ್ತಾನೆ ಎಂಬುದು ಪ್ರಜೆಗಳು ಕಣ್ಣಿಟ್ಟು ನೋಡತಕ್ಕ ವಿಷಯ. ಉಸ್ಮಾನೀ ಕಾಲದ ರೈತನು ದಫ್ತರಕ್ಕೆ ಹೆದರಿ ಹೆಸರನ್ನು ಮುಚ್ಚಿಟ್ಟನು, ನೆಲ ಹೋಯಿತು. ಅವನ ಮೊಮ್ಮಗನನ್ನು ದಫ್ತರವೇ ಹೊರಗೆ ನೂಕಿತು, ಪ್ರಾಣ ಹೋಯಿತು. ಎರಡು ಸಲವೂ ತಪ್ಪು ಲೆಕ್ಕದಲ್ಲಿರಲಿಲ್ಲ. ಲೆಕ್ಕ ಬರೆಯುವವನಿಗೂ ಬರೆಸಿಕೊಳ್ಳುವವನಿಗೂ ನಡುವೆ ಇರಬೇಕಾದ ನಂಬಿಕೆಯಲ್ಲಿದ್ದಿತು. ಕೋರೆಮೆಯ ಜನಸಂಖ್ಯೆಯಲ್ಲಿ ಖಚಿತವಾಗಿ, ಒಬ್ಬೊಬ್ಬರ ವಯಸ್ಸಿನೊಡನೆ, ದಾಖಲಾಗಿರುವ ಭಾಗವು ಆ ಗುಂಡಿಗಳಲ್ಲಿ ಸಿಕ್ಕಿದವರದು. ಯಾವ ದೇಶದಲ್ಲಿಯೇ ಆಗಲಿ, ಬದುಕಿರುವಾಗಲೇ ಅಷ್ಟು ಎಚ್ಚರಿಕೆಯಿಂದ ಜನರನ್ನು ಎಣಿಸುವುದು ರಾಜ್ಯದ ಮೊದಲ ಧರ್ಮ.